ಬಣ್ಣದ ಎಲೆ ನೋಡಲು ಅಮ್ಮನನ್ನು ಕರೆದೊಯ್ಯುವಾಗ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಅಪ್ಪ ಅಮ್ಮ ಕೆಲವು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿ ಬರುವುದು ಹೊಸ ಸಂಗತಿಯೇನಲ್ಲ. ಆ ತಿಂಗಳುಗಳಲ್ಲಿ ಅಕ್ಟೋಬರ್ ಸೇರಿದ್ದರೆ ಮಕ್ಕಳು ಹಾಕುವ ಯೋಜನೆ ಒಂದೇ: ಕಾರಿನಲ್ಲಿ ಬಣ್ಣದ ಎಲೆ ನೋಡಲು ಹೋಗುವುದು. ಅಲ್ಲಿನವರು ಇದನ್ನು ‘ಫಾಲ್ ಕಲರ್ಸ್’ ಅನ್ನುತ್ತಾರೆ.

ನೋಡಲೇಬೇಕಾದ ದೃಶ್ಯ, ಸಂಶಯವಿಲ್ಲ. ಆದರೆ ಎಪ್ಪತ್ತು ದಾಟಿದವರು ಜೊತೆಗಿದ್ದಾಗ ಎಲೆಯ ಲೆಕ್ಕ ಸರಿಯಾಗಿರುತ್ತದೆ, ಹಿರಿಯರ ಲೆಕ್ಕ ತಪ್ಪುತ್ತದೆ. ‘ನನಗೇನೂ ಬೇಡ, ನೀವು ಹೋಗ್ತಾ ಇರಿ’ ಎಂದು ಅಮ್ಮ ಹೇಳುತ್ತಾರೆ. ಮತ್ತೆ ಮತ್ತೆ ಕಾರು ನಿಲ್ಲಿಸಿ ಎನ್ನಲು ಅವರಿಗೆ ಸಂಕೋಚ. ಅದಕ್ಕಾಗಿಯೇ ಬೆಳಗ್ಗಿನಿಂದ ನೀರು ಕುಡಿದಿರುವುದಿಲ್ಲ. ಸಂಜೆ ತಲೆ ತಿರುಗಿದಾಗಲೇ ಮಕ್ಕಳಿಗೆ ವಿಷಯ ಗೊತ್ತಾಗುವುದು. ಆದ್ದರಿಂದ ಹಿರಿಯರು ಬಾಯಿಬಿಟ್ಟು ಕೇಳುವ ಮೊದಲೇ ಅವರಿಗೆ ಬೇಕಾದದ್ದು ಸಿಗುವಂತೆ ಪ್ರವಾಸವನ್ನು ಹೊಂದಿಸಬೇಕು.

ಎಲೆ ಕೆಂಪಾಗುವುದು ಯಾಕೆ?

ನಮ್ಮ ಶಾಲೆಯಂಗಳದ ಬಾದಾಮಿ ಮರದ ಎಲೆ ಉದುರುವ ಮೊದಲು ಕೆಂಪಾಗುವುದನ್ನು ನೀವು ನೋಡಿರಬಹುದು. ಅಲ್ಲಿ ಬೆಟ್ಟಕ್ಕೆ ಬೆಟ್ಟವೇ ಹಾಗಾಗುತ್ತದೆ. ಹಗಲು ಕಡಿಮೆಯಾಗಿ ಚಳಿ ಹತ್ತಿರವಾದಾಗ ಮರ ಎಲೆಯಲ್ಲಿನ ಹಸಿರು ದ್ರವ್ಯವಾದ ಕ್ಲೋರೊಫಿಲ್ ತಯಾರಿಸುವುದನ್ನು ನಿಲ್ಲಿಸುತ್ತದೆ. ಹಸಿರು ಹೋದಂತೆ, ಮೊದಲಿನಿಂದಲೂ ಅಡಗಿದ್ದ ಹಳದಿ, ಕಿತ್ತಳೆ ಬಣ್ಣದ ಕ್ಯಾರೊಟಿನಾಯ್ಡ್‌ಗಳು ಎದ್ದು ಕಾಣುತ್ತವೆ. ಮೇಪಲ್ ಮರಗಳಲ್ಲಿ ಇದರ ಜೊತೆಗೆ ಆಂಥೊಸಯನಿನ್ ಎಂಬ ಕೆಂಪು ದ್ರವ್ಯ ಹೊಸದಾಗಿ ಹುಟ್ಟುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹಿಮ ಬೀಳದಷ್ಟು ತಂಪು ಇದ್ದ ವರ್ಷ ಕೆಂಪು ಹೆಚ್ಚು ಗಾಢ.

ಯಾವಾಗ ಹೊರಡಬೇಕು?

ಈಶಾನ್ಯದ ನ್ಯೂ ಇಂಗ್ಲೆಂಡ್ ಪ್ರದೇಶ ಇದಕ್ಕೆ ಹೆಸರುವಾಸಿ. ಬಣ್ಣ ಉತ್ತರದಿಂದ ದಕ್ಷಿಣಕ್ಕೆ, ಎತ್ತರದಿಂದ ತಗ್ಗಿಗೆ ಇಳಿಯುತ್ತದೆ. ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್‌ನ ಉತ್ತರ ಭಾಗದಲ್ಲಿ ಸೆಪ್ಟೆಂಬರ್ ಕೊನೆಗೆ ಆರಂಭವಾದರೆ, ಕನೆಕ್ಟಿಕಟ್‌ನ ದಕ್ಷಿಣದಲ್ಲಿ ಅಕ್ಟೋಬರ್ ಕೊನೆಯವರೆಗೂ ಕಾಣುತ್ತದೆ. ಎಲ್ಲಿ ಎಷ್ಟು ಬಣ್ಣ ಬಂದಿದೆ ಎಂಬ ಮಾಹಿತಿಯನ್ನು ರಾಜ್ಯಗಳ ಪ್ರವಾಸೋದ್ಯಮ ಇಲಾಖೆಗಳು ಋತುವಿನುದ್ದಕ್ಕೂ ಕೊಡುತ್ತವೆ.

ಅಕ್ಟೋಬರ್ ಎರಡನೇ ಸೋಮವಾರ ಅಲ್ಲಿ ರಜೆ. ಆ ವಾರಾಂತ್ಯದಲ್ಲಿ ರಸ್ತೆ, ಹೋಟೆಲು, ಶೌಚಾಲಯ ಎಲ್ಲಕ್ಕೂ ಸರದಿ ಸಾಲು. ಹಿರಿಯರಿದ್ದರೆ ಆ ಮೂರು ದಿನ ಬೇಡವೇ ಬೇಡ. ಒಂದು ದಿನ ರಜೆ ಹಾಕಿಯಾದರೂ ವಾರದ ನಡುವೆ ಹೋಗಿ. ಊರಿನಿಂದ ಬಂದಿಳಿದ ವಾರದಲ್ಲೇ ಹೊರಡುವುದೂ ಬೇಡ. ನಿದ್ದೆ ಹೊಂದಿಕೊಳ್ಳಲು ಹತ್ತು ದಿನವಾದರೂ ಬಿಡಿ.

ಒಂದು ದಾರಿ, ಮೂರು ದಿನ

ಉದಾಹರಣೆಗೆ ನ್ಯೂ ಹ್ಯಾಂಪ್‌ಶೈರ್‌ನ ಕಂಕಮಾಗಸ್ ಹೆದ್ದಾರಿಯನ್ನು ತೆಗೆದುಕೊಳ್ಳೋಣ. ಲಿಂಕನ್‌ನಿಂದ ಕಾನ್ವೇವರೆಗೆ ಸುಮಾರು 55 ಕಿಲೋಮೀಟರು, ವೈಟ್ ಮೌಂಟನ್ ಕಾಡಿನ ನಡುವೆ. ಅತಿ ಎತ್ತರದ ಜಾಗ 870 ಮೀಟರ್ ಆದ್ದರಿಂದ ಉಸಿರಾಟದ ತೊಂದರೆಯ ಭಯವಿಲ್ಲ. ಆದರೆ ಈ ದಾರಿಯುದ್ದಕ್ಕೂ ಪೆಟ್ರೋಲ್ ಬಂಕ್ ಇಲ್ಲ, ಬಹುಪಾಲು ಮೊಬೈಲ್ ಸಂಪರ್ಕವೂ ಇಲ್ಲ. ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಫೋನಿನಲ್ಲಿ ಮೊದಲೇ ಇಳಿಸಿಕೊಂಡು, ಯಾವ ದಾರಿ ಎಂದು ಮನೆಯವರಿಗೆ ತಿಳಿಸಿ ಹೊರಡಿ.

ಬಾಸ್ಟನ್‌ನಿಂದ ಲಿಂಕನ್ ಸುಮಾರು 210 ಕಿಲೋಮೀಟರು. ಒಂದೇ ದಿನದಲ್ಲಿ ಹೋಗಿ ಬರುವವರಿದ್ದಾರೆ. ಹಿರಿಯರಿದ್ದರೆ ಹಾಗೆ ಮಾಡಬೇಡಿ. ಮೊದಲ ದಿನ ಲಿಂಕನ್ ತಲುಪಿ ತಂಗಿ. ನಡುವೆ ಹೂಕ್ಸೆಟ್‌ನಲ್ಲಿ ಹೆದ್ದಾರಿ ಬದಿಯ ದೊಡ್ಡ ವಿಶ್ರಾಂತಿ ತಾಣವಿದೆ, ಅಲ್ಲಿ ಖಂಡಿತ ನಿಲ್ಲಿಸಿ. ಎರಡನೇ ದಿನ ಬೆಳಗ್ಗೆ ಕಂಕಮಾಗಸ್. ನಿಲ್ಲದೆ ಓಡಿಸಿದರೆ ಒಂದು ಗಂಟೆಯ ದಾರಿ. ನೀವು ನಾಲ್ಕು ಗಂಟೆ ಇಟ್ಟುಕೊಳ್ಳಿ. ಹ್ಯಾನ್‌ಕಾಕ್, ಪೆಮಿ, ಶುಗರ್ ಹಿಲ್ ಮುಂತಾದ ವೀಕ್ಷಣಾ ತಾಣಗಳು ರಸ್ತೆಗೆ ತಾಗಿಯೇ ಇವೆ. ಜಲಪಾತಕ್ಕೆ ಇಳಿಯುವುದು, ಬೆಟ್ಟ ಹತ್ತುವುದು ಕೈಬಿಟ್ಟರೆ ನಷ್ಟವೇನಿಲ್ಲ. ಕಾಡಿನ ನಿಲ್ದಾಣಗಳ ಶೌಚಾಲಯಗಳಲ್ಲಿ ಸಾಮಾನ್ಯವಾಗಿ ನೀರಿರುವುದಿಲ್ಲ; ಕಾರಿನಲ್ಲಿ ಎರಡು ಬಾಟಲಿ ನೀರು ಅದಕ್ಕೆಂದೇ ಇರಲಿ.

ಮೂರನೇ ದಿನ ನಾರ್ತ್ ಕಾನ್ವೇಯಿಂದ ಹೊರಡುವ ಕಾನ್ವೇ ಸೀನಿಕ್ ರೈಲಿನಲ್ಲಿ ಕೂರಿಸಿದರೆ ಕಾರು ಓಡಿಸುವವರಿಗೂ ಎಲೆ ನೋಡಲು ಸಿಗುತ್ತದೆ. ಟಿಕೆಟ್ ಮುಂಚಿತವಾಗಿ ಮಾಡಿಸಿ, ಹತ್ತಲು ಎಷ್ಟು ಮೆಟ್ಟಿಲು ಎಂದು ಆಗಲೇ ಕೇಳಿಕೊಳ್ಳಿ. ಸಮೀಪದ 1,917 ಮೀಟರ್ ಎತ್ತರದ ಮೌಂಟ್ ವಾಷಿಂಗ್ಟನ್‌ಗೆ ಕಾರು ಹೋಗುತ್ತದೆ ನಿಜ. ಆದರೆ ಕಡಿದಾದ ರಸ್ತೆ, ತುದಿಯಲ್ಲಿ ಕೊರೆಯುವ ಗಾಳಿ. ಹಿರಿಯರಿಗೆ ಅದು ಬೇಡ.

ಕೋಣೆ, ಕಾರು, ಕಾಲಿನ ಚಪ್ಪಲಿ

ಕೋಣೆ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ನೆಲಮಹಡಿಯ ಕೋಣೆ ಇದೆಯೇ, ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳು ಇದೆಯೇ ಎಂದು ಕೇಳಿ. ಸ್ನಾನಕ್ಕೆ ಎತ್ತರದ ತೊಟ್ಟಿ ದಾಟಬೇಕಾದ ಕೋಣೆ ಬೇಡ. ಸೀರೆಯುಟ್ಟು ಅಭ್ಯಾಸವಿರುವ, ಮಂಡಿನೋವಿನ ಅಮ್ಮಂದಿರು ಜಾರುವುದು ಅಲ್ಲೇ.

ಕಾರಿನಲ್ಲಿ ಮುಂದಿನ ಸೀಟು ಹಿರಿಯರದ್ದು. ತಿರುವುಗಳಲ್ಲಿ ಹೊಟ್ಟೆ ತೊಳಸುವುದು ಕಡಿಮೆ, ನೋಟವೂ ಚೆನ್ನ. ಒಂದೂವರೆ ಗಂಟೆಗೊಮ್ಮೆ ಕಡ್ಡಾಯವಾಗಿ ನಿಲ್ಲಿಸಿ. ‘ನಿಲ್ಲಿಸಬೇಕಾ ಅಮ್ಮ?’ ಎಂದು ಕೇಳಬೇಡಿ, ‘ಬೇಡ’ ಎಂದೇ ಉತ್ತರ ಬರುತ್ತದೆ. ‘ನನಗೆ ಕಾಫಿ ಬೇಕು’ ಎಂದು ನಿಲ್ಲಿಸಿ. ನಾಲ್ಕು ಹೆಜ್ಜೆ ನಡೆಸಿದರೆ ಕಾಲು ಊದಿಕೊಳ್ಳುವುದೂ ತಪ್ಪುತ್ತದೆ. ನೆಲದ ಮೇಲಿನ ಒದ್ದೆ ಎಲೆ ಪಾಚಿಯಂತೆ ಜಾರುತ್ತದೆ. ಹಿಡಿತವಿರುವ ಶೂ, ಕಾಲುಚೀಲ ಹಾಕಿಸಿ, ಚಪ್ಪಲಿ ಬೇಡ. ಬೆಳಗ್ಗೆ ಚಳಿ ಸೊನ್ನೆ ಡಿಗ್ರಿ ಸಮೀಪಕ್ಕೆ ಇಳಿಯಬಹುದು; ಶಾಲು, ಟೊಪ್ಪಿ, ಫ್ಲಾಸ್ಕಿನಲ್ಲಿ ಬಿಸಿನೀರು ಕೈಗೆಟಕುವಂತಿರಲಿ. ಊಟಕ್ಕೆ ಮನೆಯ ಚಪಾತಿ, ಮೊಸರನ್ನವೇ ಕ್ಷೇಮ.

ಸಂಜೆ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಮೂಸ್ ಎಂಬ ಭಾರಿ ಜಿಂಕೆ ರಸ್ತೆಗೆ ಅಡ್ಡ ಬರುವುದುಂಟು. ಅದರೊಳಗೆ ಕೋಣೆ ಸೇರಿ.

ಔಷಧ, ವಿಮೆ

ಮಾತ್ರೆಗಳು ಡಿಕ್ಕಿಯಲ್ಲಲ್ಲ, ಕೈಚೀಲದಲ್ಲಿರಲಿ. ಇನ್ಸುಲಿನ್ ರಾತ್ರಿ ಕಾರಿನಲ್ಲಿ ಉಳಿದರೆ ಹೆಪ್ಪುಗಟ್ಟಿ ಕೆಡಬಹುದು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಯನ್ನು ಪ್ರವಾಸಕ್ಕೆಂದು ತಾವಾಗಿಯೇ ಬಿಡುವವರಿದ್ದಾರೆ, ಇದು ಅಪಾಯ. ಹೊತ್ತು ಬದಲಿಸಬಹುದೇ ಎಂದು ಡಾಕ್ಟರರನ್ನು ಮೊದಲೇ ಕೇಳಿ. ನಮ್ಮ ಬ್ರ್ಯಾಂಡ್ ಹೆಸರುಗಳು ಅಲ್ಲಿ ತಿಳಿಯವು. ನಮ್ಮ ಪ್ಯಾರಾಸಿಟಮಾಲ್‌ಗೆ ಅಲ್ಲಿ ಅಸಿಟಮಿನೊಫೆನ್ ಎನ್ನುತ್ತಾರೆ. ಮಾತ್ರೆಯೊಳಗಿನ ಔಷಧದ ಹೆಸರು, ಪ್ರಮಾಣ ಬರೆದ ಚೀಟಿ ಜೊತೆಗಿರಲಿ. ಪ್ರವಾಸಿ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಪೂರ್ತಿ ರಕ್ಷಣೆ ಸಿಗುವುದು ಅಪರೂಪ; ಕರಾರು ಓದಿಯೇ ಹೊರಡಿ. ತುರ್ತಿಗೆ 911.

ಇಷ್ಟಾದರೂ ಒಂದು ದಿನ ಮಳೆ ಬರಬಹುದು, ಗಾಳಿಗೆ ಎಲೆಯೆಲ್ಲ ಉದುರಬಹುದು. ಚಿಂತೆಯಿಲ್ಲ. ಹತ್ತು ತಾಣ ಓಡೋಡಿ ನೋಡಿದ್ದು ಅಮ್ಮನಿಗೆ ನೆನಪಿರುವುದಿಲ್ಲ. ಒಂದು ಮರದ ಬುಡದಲ್ಲಿ ಅರ್ಧ ಗಂಟೆ ಕುಳಿತು ಬಿಸಿ ಕಾಫಿ ಕುಡಿದದ್ದನ್ನು ಊರಿಗೆ ಬಂದ ಮೇಲೆ ನೆರೆಮನೆಯವರಿಗೆಲ್ಲ ಹೇಳುತ್ತಾರೆ.