ವಿಮಾನ ಕಂಪನಿ ಮುಳುಗಿದರೆ ನಿಮ್ಮ ಟಿಕೆಟ್ ದುಡ್ಡು ಯಾರು ಕೊಡ್ತಾರೆ?

ಯಾವುದಾದರೂ ವಿಮಾನ ಕಂಪನಿ ಹಾರಾಟ ನಿಲ್ಲಿಸಿತು ಅಂದ ಕೂಡಲೇ ಫ್ಯಾಮಿಲಿ ಗ್ರೂಪ್, ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತವೆ. ಒಂದು, "ಓನರ್ ದುಡ್ಡು ಹೊಡೆದ, ಅದಕ್ಕೇ ಮುಚ್ಚಿತು." ಇನ್ನೊಂದು, "ಚಿಂತೆ ಬೇಡ, ಟಿಕೆಟ್ ಹಣಕ್ಕೆ ಸರ್ಕಾರದ ಗ್ಯಾರಂಟಿ ಇದೆ."

ಮೊದಲನೆಯದು ಹೆಚ್ಚೆಂದರೆ ಅರ್ಧ ಕಥೆ. ಎರಡನೆಯದು ಸುಳ್ಳು. ಅದನ್ನು ನಂಬಿ ಸುಮ್ಮನೆ ಕೂತವರು ಹಣ ವಾಪಸ್ ಕೇಳುವ ಗಡುವನ್ನೇ ಕಳೆದುಕೊಳ್ಳಬಹುದು. ಹಾಗಾಗಿ ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ.

ಬೆಂಗಳೂರಿನ ಮೂರು ಕಂಪನಿಗಳು

ದೂರ ಹೋಗುವುದು ಬೇಡ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದರು. ಒಂದು ರೂಪಾಯಿ ಟಿಕೆಟ್ ಕೊಟ್ಟು, ವಿಮಾನ ಹತ್ತುವ ಯೋಚನೆಯನ್ನೇ ಮಾಡದವರನ್ನೂ ಹತ್ತಿಸಿದರು. ಜನ ತುಂಬಿದರು, ಲಾಭ ಮಾತ್ರ ತುಂಬಲಿಲ್ಲ. 2007ರಲ್ಲಿ ವಿಜಯ್ ಮಲ್ಯ ಅವರ ಗುಂಪು ಅದರಲ್ಲಿ ಪಾಲು ಖರೀದಿಸಿತು, 2008ರಲ್ಲಿ ಅದು ಕಿಂಗ್‌ಫಿಷರ್ ಜೊತೆ ವಿಲೀನವಾಯಿತು.

ಕಿಂಗ್‌ಫಿಷರ್ ಹಾರಲು ಶುರು ಮಾಡಿದ್ದು 2005ರಲ್ಲಿ. ಯಾವ ವರ್ಷವೂ ಲಾಭ ಕಾಣದೆ 2012ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು.

ಮೂರನೆಯದು ಏರ್ ಪೆಗಸಸ್, ನಿಜಕ್ಕೂ ಸಣ್ಣ ಕಂಪನಿ. 2015ರ ಏಪ್ರಿಲ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ಹಾರಾಟದಿಂದ ಶುರುವಾಯಿತು. ಇದ್ದದ್ದು ಬೆರಳೆಣಿಕೆಯ ಎಟಿಆರ್ ವಿಮಾನಗಳು, ಅವೂ ಬಾಡಿಗೆಯವು. ಬಾಡಿಗೆ ಬಾಕಿಯ ತಕರಾರು ಬೆಳೆದು 2016ರ ಜುಲೈನಲ್ಲಿ ಹಾರಾಟ ನಿಂತಿತು. ಒಟ್ಟು ಆಯುಸ್ಸು ಸುಮಾರು 15 ತಿಂಗಳು.

ಮೂರೂ ಬೇರೆ ಬೇರೆ ಬಗೆಯ ಕಂಪನಿಗಳು, ಮಾಲೀಕರೂ ಬೇರೆ. ಆದರೆ ಮೂರಕ್ಕೂ ಹಣದ ತೊಂದರೆಯೇ. ಹಾಗಾದರೆ "ಓನರ್ ಸರಿಯಿಲ್ಲ" ಅನ್ನುವುದೊಂದೇ ಕಾರಣ ಆಗಲಾರದು.

ಸಣ್ಣ ಕಂಪನಿಗೆ ಯಾಕಿಷ್ಟು ಕಷ್ಟ?

ವಿಮಾನ ಹೆಚ್ಚಾಗಿ ಕಂಪನಿಯದ್ದಲ್ಲ. ಲೀಸ್ ಮೇಲೆ ತಂದದ್ದು. ಬಾಡಿಗೆ ಡಾಲರ್‌ನಲ್ಲಿ, ಬಿಡಿಭಾಗ ಡಾಲರ್‌ನಲ್ಲಿ, ಎಂಜಿನ್ ರಿಪೇರಿಯೂ ಡಾಲರ್‌ನಲ್ಲಿ. ನಾವು ಟಿಕೆಟ್‌ಗೆ ಕೊಡುವುದು ಮಾತ್ರ ರೂಪಾಯಿ. ರೂಪಾಯಿ ಬೆಲೆ ಕುಸಿದಾಗೆಲ್ಲ ಖರ್ಚು ತಾನಾಗಿಯೇ ಏರುತ್ತದೆ. ಇಂಧನದ ಕಥೆಯೂ ಅಷ್ಟೇ. ವಿಮಾನ ಇಂಧನ ಇನ್ನೂ ಜಿಎಸ್‌ಟಿಗೆ ಸೇರಿಲ್ಲ, ಅದರ ಮೇಲೆ ರಾಜ್ಯಗಳ ವ್ಯಾಟ್ ಬೇರೆ.

ಒಂದು ಉದಾಹರಣೆ ಲೆಕ್ಕ ನೋಡಿ. ಎಟಿಆರ್ ವಿಮಾನದಲ್ಲಿ ಸುಮಾರು 70 ಸೀಟು. ಒಂದು ಹಾರಾಟಕ್ಕೆ ₹2,20,000 ಖರ್ಚು, ಟಿಕೆಟ್ ₹4,000 ಅಂತಿಟ್ಟುಕೊಳ್ಳಿ. 55 ಜನ ಹತ್ತಿದರೆ ಸರಿಸಮ. 45 ಜನ ಹತ್ತಿದರೆ ಒಂದೇ ಹಾರಾಟಕ್ಕೆ ₹40,000 ನಷ್ಟ. ಖಾಲಿ ಹೋದ ಸೀಟನ್ನು ನಾಳೆ ಮಾರುವ ಹಾಗಿಲ್ಲ. ಅಂಗಡಿಯ ಅಕ್ಕಿ ಮೂಟೆ ನಾಳೆಗೂ ಇರುತ್ತದೆ, ವಿಮಾನದ ಸೀಟು ಬಾಗಿಲು ಹಾಕಿದ ಕ್ಷಣಕ್ಕೇ ಹಾಳು.

ಇನ್ನು ಕೆಟ್ಟು ನಿಲ್ಲುವ ವಿಚಾರ. ನೂರಾರು ವಿಮಾನ ಇರುವ ದೊಡ್ಡ ಕಂಪನಿಯಲ್ಲಿ ಒಂದು ಕೆಟ್ಟರೆ ಇನ್ನೊಂದನ್ನು ಕಳಿಸುತ್ತಾರೆ. ಮೂರೇ ವಿಮಾನ ಇರುವವರಿಗೆ ಒಂದು ಕೆಟ್ಟರೆ ಮೂರನೇ ಒಂದು ಭಾಗ ವ್ಯಾಪಾರವೇ ನಿಂತಂತೆ. ನಿಂತ ವಿಮಾನಕ್ಕೂ ಬಾಡಿಗೆ ಕಟ್ಟಲೇಬೇಕು, ಪೈಲಟ್‌ಗೆ ಸಂಬಳ ಕೊಡಲೇಬೇಕು.

ಹಾಗಾದರೆ ಟಿಕೆಟ್ ದರ ಏರಿಸಬಹುದಲ್ಲ? ಇಲ್ಲಿ ನಮ್ಮ ಪಶ್ಚಿಮ ಬೆಂಗಳೂರನ್ನೇ ನೋಡಿ. ಕೆಂಗೇರಿಯಿಂದ ಹುಬ್ಬಳ್ಳಿಗೆ ಹೋಗಬೇಕು. ವಿಮಾನ ಹಾರುವುದು ಸುಮಾರು ಒಂದು ಗಂಟೆ. ಆದರೆ ಟ್ರಾಫಿಕ್‌ನಲ್ಲಿ ಕೆಂಗೇರಿಯಿಂದ ದೇವನಹಳ್ಳಿ ತಲುಪಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಕ್ಯಾಬ್ ಖರ್ಚು ಬೇರೆ. ಅದರ ಬದಲು ರಾತ್ರಿ ಸ್ಲೀಪರ್ ಬಸ್ ಹತ್ತಿದರೆ ಬೆಳಿಗ್ಗೆ ಹುಬ್ಬಳ್ಳಿ. 2023ರ ಜೂನ್‌ನಿಂದ ಧಾರವಾಡಕ್ಕೆ ವಂದೇ ಭಾರತ್ ರೈಲೂ ಇದೆ. ವಿಜಯನಗರದವರು ಮೆಜೆಸ್ಟಿಕ್‌ನಲ್ಲಿ, ರಾಜಾಜಿನಗರದವರು ಯಶವಂತಪುರದಲ್ಲಿ ಹತ್ತಬಹುದು. ಟಿಕೆಟ್ ದರ ಸ್ವಲ್ಪ ಏರಿದರೂ ಜನ ಬಸ್ಸು, ರೈಲಿನ ಕಡೆ ತಿರುಗುತ್ತಾರೆ. ಏರಿಸದಿದ್ದರೆ ಖರ್ಚು ಹುಟ್ಟುವುದಿಲ್ಲ.

ಸರ್ಕಾರ ಸಬ್ಸಿಡಿ ಕೊಟ್ಟರೆ ಉಳಿಯುತ್ತವಲ್ಲ?

ಅದನ್ನೂ ಮಾಡಿ ನೋಡಲಾಗಿದೆ. ಉಡಾನ್ ಯೋಜನೆಯ ಮೊದಲ ಹಾರಾಟ 2017ರ ಏಪ್ರಿಲ್‌ನಲ್ಲಿ. ಸಣ್ಣ ಊರುಗಳ ಮಾರ್ಗದಲ್ಲಿ ಅರ್ಧದಷ್ಟು ಸೀಟು ಕಡಿಮೆ ದರಕ್ಕೆ ಕೊಟ್ಟರೆ, ನಷ್ಟದ ಅಂತರವನ್ನು ಮೂರು ವರ್ಷ ತುಂಬಿಕೊಡುವ ಯೋಜನೆ ಇದು. ಆ ಹಣಕ್ಕಾಗಿ ದೊಡ್ಡ ಮಾರ್ಗಗಳ ಹಾರಾಟದ ಮೇಲೆ ಲೆವಿ ಹಾಕುತ್ತಾರೆ. ಅಂದರೆ ಕೊನೆಗೆ ನೀವು ದೆಹಲಿಗೋ ಮುಂಬೈಗೋ ಹೋಗುವ ಟಿಕೆಟ್‌ನಿಂದಲೇ.

ಫಲ ಏನಾಯಿತು? ಮಹಾಲೇಖಪಾಲರ, ಅಂದರೆ ಸಿಎಜಿಯ, 2023ರ ವರದಿ ಹೇಳುವಂತೆ ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. 2023ರ ಮಾರ್ಚ್ ಹೊತ್ತಿಗೆ ಸಬ್ಸಿಡಿ ಅವಧಿ ಮುಗಿದ ಮೇಲೂ ಉಳಿದದ್ದು 54 ಮಾತ್ರ. ಬಳ್ಳಾರಿ ಬಳಿಯ ವಿದ್ಯಾನಗರ, ಮೈಸೂರು, ಬೀದರ್‌ಗೆ ಹಾರುತ್ತಿದ್ದ ಹೈದರಾಬಾದ್‌ನ ಟ್ರೂಜೆಟ್ 2022ರಲ್ಲಿ ನಿಂತಿತು.

ಎಲ್ಲರೂ ಮುಳುಗುತ್ತಾರೆ ಅಂತಲ್ಲ. 2019ರಲ್ಲಿ ಬೆಂಗಳೂರು–ಹುಬ್ಬಳ್ಳಿಯಿಂದಲೇ ಶುರು ಮಾಡಿದ ಸ್ಟಾರ್ ಏರ್ ಕೋವಿಡ್ ದಾಟಿಯೂ ಹಾರಾಟ ಮುಂದುವರಿಸಿತು. ಆದರೆ ಅಂಥವರ ಸಂಖ್ಯೆ ಕಡಿಮೆ.

ಮುಚ್ಚಿದ ಮೇಲೆ ಕ್ಯೂನಲ್ಲಿ ಯಾರು ಮುಂದೆ?

ಮೊದಲು ವಿಮಾನವೇ ಹೋಗುತ್ತದೆ. ಅದು ಲೀಸ್ ಕೊಟ್ಟವರದ್ದು, ಹಾಗಾಗಿ ನೋಂದಣಿ ರದ್ದು ಮಾಡಿಸಿ ಒಯ್ಯುತ್ತಾರೆ. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಾಗ ಇದಕ್ಕೆ ತಡೆ ಬಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ ವಿಮಾನಗಳನ್ನು ಆ ತಡೆಯಿಂದ ಹೊರಗಿಟ್ಟಿತು.

ಇನ್ನು ಉಳಿಯುವುದು ಮೇಜು-ಕುರ್ಚಿ, ಒಂದಿಷ್ಟು ಬಿಡಿಭಾಗ, ಎಲ್ಲೋ ಒಂದು ಕಟ್ಟಡ. ಕಂಪನಿಯನ್ನು ಮುಚ್ಚಿ ಆಸ್ತಿ ಮಾರಿದಾಗ ಬಂದ ಹಣ ಹಂಚುವ ಸಾಲನ್ನು ದಿವಾಳಿ ಕಾನೂನು ಹೀಗೆ ಇಟ್ಟಿದೆ:

1. ದಿವಾಳಿ ಪ್ರಕ್ರಿಯೆಯ ಖರ್ಚು
2. ಅಡಮಾನ ಇಟ್ಟುಕೊಂಡ ಬ್ಯಾಂಕುಗಳು, ಮತ್ತು ಅವುಗಳಿಗೆ ಸಮನಾಗಿ ಕಾರ್ಮಿಕರ 24 ತಿಂಗಳ ಬಾಕಿ
3. ಇತರ ನೌಕರರ 12 ತಿಂಗಳ ಸಂಬಳ
4. ಅಡಮಾನ ಇಲ್ಲದೆ ಸಾಲ ಕೊಟ್ಟವರು
5. ಸರ್ಕಾರದ ತೆರಿಗೆ ಬಾಕಿ
6. ಉಳಿದ ಎಲ್ಲರೂ
7. ಕೊನೆಗೆ ಷೇರುದಾರರು

ಟಿಕೆಟ್ ಕೊಂಡ ನೀವು ಎಲ್ಲಿದ್ದೀರಿ? ಆರನೇ ಜಾಗದಲ್ಲಿ. ಊಟ ಸಪ್ಲೈ ಮಾಡಿದವರು, ಕ್ಯಾಬ್ ಓಡಿಸಿದವರು, ಕಂಪನಿಯಲ್ಲಿ ಮುಂಗಡ ಹಣ ಇಟ್ಟಿದ್ದ ನಿಮ್ಮ ಏರಿಯಾದ ಟ್ರಾವೆಲ್ ಏಜೆಂಟ್ ಕೂಡ ಅಲ್ಲೇ. ಅಡಮಾನವಿಲ್ಲದೆ ಮೊದಲೇ ನಂಬಿ ಕೊಟ್ಟವರೆಲ್ಲ ಹಿಂದೆ. ಸರದಿ ಬರುವ ಹೊತ್ತಿಗೆ ಪಾತ್ರೆಯಲ್ಲಿ ಏನೂ ಉಳಿದಿರದ ಸಾಧ್ಯತೆಯೇ ಹೆಚ್ಚು. ಕಾಯಬೇಕಾದದ್ದೂ ವರ್ಷಗಟ್ಟಲೆ. ಜೆಟ್ ಏರ್‌ವೇಸ್ ನಿಂತದ್ದು 2019ರ ಏಪ್ರಿಲ್‌ನಲ್ಲಿ, ಆಸ್ತಿ ಮಾರಿ ಮುಚ್ಚಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ನವೆಂಬರ್‌ನಲ್ಲಿ.

ಬ್ರಿಟನ್‌ನಲ್ಲಿ ಹಾಲಿಡೇ ಪ್ಯಾಕೇಜ್ ಕೊಂಡ ಪ್ರತಿಯೊಬ್ಬರ ಲೆಕ್ಕದಲ್ಲಿ 2.50 ಪೌಂಡ್ ಒಂದು ನಿಧಿಗೆ ಹೋಗುತ್ತದೆ. ಕಂಪನಿ ಮುಳುಗಿದರೆ ಅದರಿಂದ ಹಣ ಕೊಡುತ್ತಾರೆ, ಊರಿಗೂ ಕರೆತರುತ್ತಾರೆ. ನಮ್ಮಲ್ಲಿ ಅಂಥ ನಿಧಿ ಇಲ್ಲ.

ಕಿಂಗ್‌ಫಿಷರ್ ಭಾರ ಹೊತ್ತವರು ಯಾರು?

ಆ ಕಂಪನಿ ಮುಳುಗಿದಾಗ ಈಗಿನ ದಿವಾಳಿ ಕಾನೂನು ಇರಲಿಲ್ಲ. ಸಾಲ ಕೊಟ್ಟದ್ದು ಎಸ್‌ಬಿಐ ನೇತೃತ್ವದ ಬ್ಯಾಂಕುಗಳು, ಹೆಚ್ಚಿನವು ಸರ್ಕಾರಿ ಬ್ಯಾಂಕುಗಳೇ. 2017ರಲ್ಲಿ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿ ₹6,203 ಕೋಟಿಯನ್ನು ಬಡ್ಡಿ ಸಮೇತ ವಸೂಲಿ ಮಾಡಲು ಹೇಳಿತು. ಮಲ್ಯ ಆಸ್ತಿಯಿಂದ ₹14,131 ಕೋಟಿ ಬ್ಯಾಂಕುಗಳಿಗೆ ಮರಳಿದೆ ಎಂದು ಹಣಕಾಸು ಸಚಿವರು 2024ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಿದರು. ಕೊಡಬೇಕಾದ್ದಕ್ಕಿಂತ ಹೆಚ್ಚೇ ವಸೂಲಾಗಿದೆ ಎಂಬುದು ಮಲ್ಯ ಅವರ ವಾದ.

ಆದರೆ ನೌಕರರು? 2012ರಲ್ಲಿ ಏಳು ತಿಂಗಳ ಸಂಬಳ ಬಾಕಿ ಎಂದು ಅವರು ಮುಷ್ಕರ ಹೂಡಿದ್ದರು. ಆ ಬಾಕಿಯ ವಿಚಾರ ಹತ್ತು ವರ್ಷ ದಾಟಿಯೂ ಎಳೆಯಿತು. ಮನೆ ಸಾಲದ ಇಎಂಐ ಅಷ್ಟು ವರ್ಷ ಕಾಯುವುದಿಲ್ಲ. ಬ್ಯಾಂಕಿನ ಹತ್ತಿರ ವಕೀಲರೂ ಇದ್ದರು, ಅಡಮಾನವೂ ಇತ್ತು. ನೌಕರರ ಹತ್ತಿರ ಇದ್ದದ್ದು ಸಂಬಳದ ಚೀಟಿ.

ನೀವು ಏನು ಮಾಡಬಹುದು?

- ಸಣ್ಣ ಅಥವಾ ಹೊಸ ಕಂಪನಿಯಲ್ಲಿ ತುಂಬ ಮುಂಚಿತವಾಗಿ ಬುಕ್ ಮಾಡಬೇಡಿ. ಮದುವೆಗೆ ಇಪ್ಪತ್ತು ಟಿಕೆಟ್ ಒಟ್ಟಿಗೆ ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ.
- ಸಾಧ್ಯವಾದರೆ ಕ್ರೆಡಿಟ್ ಕಾರ್ಡ್‌ನಲ್ಲಿ ಕೊಳ್ಳಿ. ಹಾರಾಟ ರದ್ದಾದರೆ "ಸೇವೆ ಸಿಗಲಿಲ್ಲ" ಎಂದು ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ದೂರು ಕೊಡಬಹುದು. ಗಡುವು ಇರುತ್ತದೆ, ಕೂಡಲೇ ಕೊಡಿ.
- ಟಿಕೆಟ್, ಹಣ ಕಟ್ಟಿದ ಮೆಸೇಜ್, ರದ್ದಾದ ಮೆಸೇಜ್ ಮೂರನ್ನೂ ಉಳಿಸಿಕೊಳ್ಳಿ.
- ದಿವಾಳಿ ಪ್ರಕ್ರಿಯೆ ಶುರುವಾದರೆ ಬಾಕಿ ಇರುವವರು ಅರ್ಜಿ ಹಾಕಿ ಎಂದು ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ದಿನದೊಳಗೆ ಅರ್ಜಿ ಹಾಕಿ. ಹಾಕದವರು ಕ್ಯೂನಲ್ಲೇ ಇರುವುದಿಲ್ಲ.
- ಕಂಪನಿ ಇನ್ನೂ ನಡೆಯುತ್ತಿದ್ದು ಹಣ ಕೊಡದೆ ಸತಾಯಿಸಿದರೆ ಏರ್‌ಸೇವಾದಲ್ಲಿ, ಅಥವಾ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.
- ಟ್ರಾವೆಲ್ ಇನ್ಶೂರೆನ್ಸ್ ಇದ್ದರೆ, ಕಂಪನಿ ದಿವಾಳಿಯಾದಾಗಲೂ ಹಣ ಬರುತ್ತದಾ ಅಂತ ಪಾಲಿಸಿಯಲ್ಲಿ ಓದಿ ನೋಡಿ. ಎಲ್ಲ ಪಾಲಿಸಿಗಳಲ್ಲೂ ಇರುವುದಿಲ್ಲ.

ಇನ್ನೊಮ್ಮೆ "ಸರ್ಕಾರ ಗ್ಯಾರಂಟಿ ಕೊಟ್ಟಿದೆ" ಎಂಬ ಮೆಸೇಜ್ ಬಂದರೆ, ಅದರ ಕೆಳಗೆ ಇಷ್ಟು ಬರೆದು ಕಳಿಸಿ: ಗ್ಯಾರಂಟಿ ಇಲ್ಲ, ಇವತ್ತೇ ಬ್ಯಾಂಕಿಗೆ ದೂರು ಕೊಡಿ.