ಸಿಗರೇಟಿನ ತುಂಡಿಗೂ ಕಾನೂನು ಬೇಕೆ?

2022ರ ಜುಲೈ 1ರಂದು ನಮ್ಮ ದೇಶದಲ್ಲಿ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಮೇಲಿನ ನಿಷೇಧ ಜಾರಿಗೆ ಬಂದಿತು. ಕಿವಿಕಡ್ಡಿ, ಬಲೂನಿನ ಕಡ್ಡಿ, ತಟ್ಟೆ, ಲೋಟ, ಚಮಚಗಳ ಜೊತೆಗೆ ಮಿಠಾಯಿ ಡಬ್ಬಿ, ಆಮಂತ್ರಣ ಪತ್ರಿಕೆ ಹಾಗೂ ಸಿಗರೇಟು ಪೊಟ್ಟಣಗಳ ಮೇಲೆ ಸುತ್ತುವ ತೆಳುವಾದ ಪ್ಲಾಸ್ಟಿಕ್ ಹಾಳೆಯೂ ಆ ಪಟ್ಟಿಯಲ್ಲಿ ಸೇರಿತು. ಆದರೆ ಆ ಪೊಟ್ಟಣದೊಳಗಿನ ಪ್ರತಿಯೊಂದು ಸಿಗರೇಟಿನ ತುದಿಯಲ್ಲಿಯೂ ಇರುವ ಪ್ಲಾಸ್ಟಿಕ್ ಫಿಲ್ಟರ್ ಪಟ್ಟಿಯಿಂದ ಹೊರಗೇ ಉಳಿಯಿತು. ಹೊದಿಕೆಯನ್ನು ನಿಷೇಧಿಸಿ ಒಳಗಿನದನ್ನು ಬಿಟ್ಟಂತಾಯಿತು.

ಈ ವಿಚಾರ ಬಂದಾಗ ಅನೇಕ ಭಕ್ತರ ಮನಸ್ಸಿನಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಸಿಗರೇಟನ್ನೇ ಬಿಡಿಸಬೇಕಾದ ಸಮಾಜ ಅದರ ತುಂಡಿನ ಗೊಡವೆಗೆ ಏಕೆ ಹೋಗಬೇಕು? ಸೇದುವವನ ಶ್ವಾಸಕೋಶವೇ ಸುಡುತ್ತಿರುವಾಗ ಚರಂಡಿಯ ಚಿಂತೆ ಯಾವ ದೊಡ್ಡದು? ಪರಿಸರದ ಹೆಸರಿನಲ್ಲಿ ಸಿಗರೇಟಿಗೆ ನಿಯಮ ಹಾಕುವುದರಿಂದ ನಿಜವಾದ ಪ್ರಯೋಜನ ಉಂಟೆ? ಪ್ರಶ್ನೆ ಯೋಗ್ಯವಾದುದು. ಅದಕ್ಕೆ ಉತ್ತರ ನಿಯಮವು ಎಲ್ಲಿ ಕೈ ಹಾಕುತ್ತದೆ ಎಂಬುದನ್ನು ಅವಲಂಬಿಸಿದೆ.

ಹತ್ತಿಯಲ್ಲ, ಪ್ಲಾಸ್ಟಿಕ್

ಫಿಲ್ಟರನ್ನು ಬಿಡಿಸಿ ನೋಡಿದವರಿಗೆ ಅದು ಹತ್ತಿಯಂತೆಯೇ ಕಾಣುತ್ತದೆ. ವಾಸ್ತವದಲ್ಲಿ ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಮರದ ತಿರುಳಿನ ಸೆಲ್ಯುಲೋಸನ್ನು ರಾಸಾಯನಿಕವಾಗಿ ಮಾರ್ಪಡಿಸಿ ಎಳೆಗಳನ್ನಾಗಿ ತೆಗೆಯುತ್ತಾರೆ. ಒಂದೊಂದು ಫಿಲ್ಟರಿನಲ್ಲಿ ಇಂತಹ 12 ಸಾವಿರಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳಿರುತ್ತವೆ. ಮಾರ್ಪಾಡಿನ ನಂತರ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದು ಸುಲಭದ ಆಹಾರವಾಗಿ ಉಳಿಯುವುದಿಲ್ಲ. ಹೀಗಾಗಿ ಅದು ವರ್ಷಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಕ್ರಮೇಣ ಒಡೆದು ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳಾಗಿ ಮಣ್ಣು, ನೀರುಗಳಲ್ಲಿ ಬೆರೆಯುತ್ತದೆ.

ಪ್ಲಾಸ್ಟಿಕ್ಕಿಗಿಂತಲೂ ಅದರಲ್ಲಿ ಸಿಕ್ಕಿಕೊಂಡಿರುವುದು ಹೆಚ್ಚು ಅಪಾಯಕಾರಿ. ಸೇದಿದ ತುಂಡಿನಲ್ಲಿ ನಿಕೋಟಿನ್, ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮುಂತಾದವು ಉಳಿದಿರುತ್ತವೆ. ಮಳೆ ಬಂದಾಗ ಇವು ಕರಗಿ ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಸೇರುತ್ತವೆ. ಅಮೆರಿಕದ ಸ್ಯಾನ್ ಡಿಯೇಗೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಈ ವಿಷದ ತೀವ್ರತೆಯನ್ನು ತೋರಿಸಿಕೊಟ್ಟಿತು. ಒಂದು ಲೀಟರ್ ನೀರಿಗೆ ಸುಮಾರು ಒಂದು ತುಂಡಿನಂತೆ ನೆನೆಸಿದ ನೀರಿನಲ್ಲಿ, ನಾಲ್ಕು ದಿನಗಳೊಳಗೆ ಅರ್ಧದಷ್ಟು ಮೀನುಗಳು ಸತ್ತವು. ಒಂದು ಸಿಹಿನೀರಿನ ಮೀನು, ಒಂದು ಕಡಲ ಮೀನು ಹೀಗೆ ಎರಡು ಜಾತಿಗಳಲ್ಲಿಯೂ ಫಲಿತಾಂಶ ಬಹುತೇಕ ಒಂದೇ ಆಗಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2022ರ ವಿಶ್ವ ತಂಬಾಕುರಹಿತ ದಿನಾಚರಣೆಗೆ ಪರಿಸರವನ್ನೇ ವಿಷಯವಾಗಿ ಆರಿಸಿಕೊಂಡಿತ್ತು. ಅದರ ಅಂದಾಜಿನಂತೆ ಪ್ರತಿವರ್ಷ ಜಗತ್ತಿನಲ್ಲಿ 4.5 ಲಕ್ಷ ಕೋಟಿ ಫಿಲ್ಟರುಗಳು ಪರಿಸರಕ್ಕೆ ಸೇರುತ್ತವೆ. ತಂಬಾಕು ಉದ್ಯಮಕ್ಕಾಗಿ ವರ್ಷಕ್ಕೆ 60 ಕೋಟಿ ಮರಗಳು ಉರುಳುತ್ತವೆ, 2,200 ಕೋಟಿ ಟನ್ ನೀರು ವ್ಯಯವಾಗುತ್ತದೆ, 8.4 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಒಬ್ಬರ ಚಟದ ಭಾರವನ್ನು ಸೇದದವರ ಕೆರೆ, ಕಾಡು, ಗಾಳಿಗಳೂ ಹೊರುತ್ತಿವೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎಸೆಯುವವನಿಗೆ ದಂಡ

ಮೊದಲ ಬಗೆಯ ನಿಯಮ ಎಸೆಯುವವನನ್ನು ಹಿಡಿಯುತ್ತದೆ. ಬೀದಿಯಲ್ಲಿ ತುಂಡು ಎಸೆದರೆ ದಂಡ, ಅಲ್ಲಲ್ಲಿ ತುಂಡು ಹಾಕುವ ಪೆಟ್ಟಿಗೆ, ಆಗಾಗ ಸ್ವಚ್ಛತಾ ಅಭಿಯಾನ. ಇದು ನೋಡಲು ಸುಲಭ, ಫಲ ಅಲ್ಪ. ಬೆರಳಿನಷ್ಟು ಗಾತ್ರದ ವಸ್ತುವನ್ನು ಕ್ಷಣಮಾತ್ರದಲ್ಲಿ ಎಸೆದು ನಡೆಯುವವನನ್ನು ಹಿಡಿಯಲು ಎಷ್ಟು ಸಿಬ್ಬಂದಿ ಸಾಕಾದೀತು? ಕೊನೆಗೆ ಬಗ್ಗಿ ಹೆಕ್ಕುವ ಕಾಯಕ ಪೌರಕಾರ್ಮಿಕರದ್ದಾಗುತ್ತದೆ, ವೆಚ್ಚ ಊರಿನ ತೆರಿಗೆದಾರರದ್ದಾಗುತ್ತದೆ. ಮಾರಿ ಲಾಭ ಪಡೆದವರು ಮಾತ್ರ ಈ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಭಾರತದಲ್ಲಿಯೂ ಈ ವಿಷಯ ನ್ಯಾಯಪೀಠದವರೆಗೆ ಹೋಗಿದೆ. 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಸಿಗರೇಟು, ಬೀಡಿ ತುಂಡುಗಳ ವಿಲೇವಾರಿಗೆ ಮಾರ್ಗಸೂಚಿ ರೂಪಿಸುವಂತೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸೂಚಿಸಿತು. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ವಿಲೇವಾರಿ ಎಂಬುದು ತ್ಯಾಜ್ಯ ಹುಟ್ಟಿದ ಮೇಲಿನ ಮಾತು.

ಮಾಡಿದವನ ಮೇಲೆ ಹೊಣೆ

ಎರಡನೆಯ ಬಗೆ ವೆಚ್ಚವನ್ನು ತಯಾರಕರ ಕಡೆಗೆ ತಿರುಗಿಸುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರವು 2009ರಲ್ಲಿ ಪ್ರತಿ ಪೊಟ್ಟಣದ ಮೇಲೆ 20 ಸೆಂಟುಗಳ ಶುಲ್ಕ ವಿಧಿಸುವ ಕಾನೂನು ಮಾಡಿತು. ತುಂಡುಗಳನ್ನು ಗುಡಿಸಲು ನಗರಕ್ಕೆ ತಗಲುವ ಖರ್ಚನ್ನು ಅದರಿಂದ ಭರಿಸುವುದು ಉದ್ದೇಶ. ಯುರೋಪಿಯನ್ ಒಕ್ಕೂಟದ 2019ರ ಏಕಬಳಕೆ ಪ್ಲಾಸ್ಟಿಕ್ ನಿರ್ದೇಶನ ಇನ್ನೂ ಮುಂದೆ ಹೋಯಿತು. 2021ರ ಜುಲೈನಿಂದ ಫಿಲ್ಟರಿನಲ್ಲಿ ಪ್ಲಾಸ್ಟಿಕ್ ಇದೆ ಎಂದು ಪೊಟ್ಟಣದ ಮೇಲೆಯೇ ನಮೂದಿಸಬೇಕಾಯಿತು. ಬೀದಿ ಸ್ವಚ್ಛತೆ, ಸಂಗ್ರಹಣೆ ಹಾಗೂ ಜನಜಾಗೃತಿಯ ವೆಚ್ಚವನ್ನು 2023ರ ಜನವರಿಯಿಂದ ತಯಾರಕರೇ ಭರಿಸುವ ವ್ಯವಸ್ಥೆಯನ್ನು ಸದಸ್ಯ ರಾಷ್ಟ್ರಗಳು ಮಾಡಬೇಕೆಂದು ವಿಧಿಸಲಾಯಿತು. ಫ್ರಾನ್ಸಿನಲ್ಲಿ ಇದಕ್ಕಾಗಿ ಆಲ್ಕೋಮ್ ಎಂಬ ಪ್ರತ್ಯೇಕ ಸಂಸ್ಥೆಯೇ ಇದೆ; ಸಾರ್ವಜನಿಕ ಸ್ಥಳಗಳಲ್ಲಿ ಬೀಳುವ ತುಂಡುಗಳನ್ನು ಆರು ವರ್ಷಗಳಲ್ಲಿ ಶೇ. 40ರಷ್ಟು ತಗ್ಗಿಸುವ ಗುರಿಯನ್ನು ಅದಕ್ಕೆ ನೀಡಲಾಗಿದೆ.

ಇದು ಮೊದಲನೆಯದಕ್ಕಿಂತ ನ್ಯಾಯವಾದ ಕ್ರಮ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಕಸ ಗುಡಿಸಲು ಹಣ ಕೊಟ್ಟ ಕಂಪನಿ ತನ್ನನ್ನು ಪರಿಸರಪ್ರೇಮಿ ಎಂದು ಕರೆದುಕೊಳ್ಳಲು ಹೆಚ್ಚು ಕಾಲ ಬೇಕಿಲ್ಲ. ಶುಲ್ಕವು ದಂಡದಂತೆ ಚುಚ್ಚದೆ ಪುಣ್ಯದಂತೆ ಪ್ರಚಾರವಾದರೆ ನಿಯಮದ ಉದ್ದೇಶವೇ ಸೋಲುತ್ತದೆ. ಆದ್ದರಿಂದ ಹಣವನ್ನು ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ವಸೂಲು ಮಾಡಬೇಕು, ಖರ್ಚನ್ನೂ ಅದೇ ನಿರ್ಧರಿಸಬೇಕು. ಆ ಹಣದ ಹೆಸರಿನಲ್ಲಿ ಕಂಪನಿಯ ಪ್ರಚಾರಕ್ಕೆ ಅವಕಾಶವಿರಬಾರದು.

ಮೂಲಕ್ಕೇ ಕೈ ಹಾಕುವುದು

ಮೂರನೆಯ ಬಗೆ ಫಿಲ್ಟರನ್ನೇ ನಿಷೇಧಿಸುವುದು. ಇದನ್ನು ಕೇಳಿದೊಡನೆ ಒಂದು ಆಕ್ಷೇಪ ಬರುತ್ತದೆ: ಫಿಲ್ಟರ್ ತೆಗೆದರೆ ಸೇದುವವರ ಆರೋಗ್ಯಕ್ಕೆ ಇನ್ನಷ್ಟು ಕೇಡಾಗುವುದಿಲ್ಲವೆ? ಈ ಪ್ರಶ್ನೆಗೆ ಉತ್ತರ ಸಿಗದೆ ಉಳಿದುದೆಲ್ಲ ಇತ್ಯರ್ಥವಾಗದು.

1950ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಪ್ರಕಟವಾದ ಅಧ್ಯಯನಗಳು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದವು. ಜನ ಬೆದರಿದರು. ಆ ಬೆದರಿಕೆಯನ್ನು ತಣಿಸಲು ಕಂಪನಿಗಳು ಫಿಲ್ಟರ್ ಸಿಗರೇಟನ್ನು ಮುಂದೆ ತಂದವು. ಅದಕ್ಕೆ ಮೊದಲು ಅಮೆರಿಕದಲ್ಲಿ ಫಿಲ್ಟರ್ ಸಿಗರೇಟು ಅಪರೂಪವಾಗಿತ್ತು. ಕೆಲವೇ ದಶಕಗಳಲ್ಲಿ ಬಹುತೇಕ ಎಲ್ಲ ಸಿಗರೇಟಿಗೂ ಫಿಲ್ಟರ್ ಬಂದಿತು. ಸೇದುವವನಿಗೆ ಸಮಾಧಾನವಾಯಿತು, ಆದರೆ ಕ್ಯಾನ್ಸರ್ ತಗ್ಗಲಿಲ್ಲ. ಫಿಲ್ಟರಿನ ಸುತ್ತಲೂ ಕೊರೆದ ಸೂಕ್ಷ್ಮ ರಂಧ್ರಗಳಿಂದ ಗಾಳಿ ಸೇರಿ ಹೊಗೆ ಸೌಮ್ಯವಾಗಿ ತೋರುತ್ತದೆ. ನಿಕೋಟಿನ್ ಸಾಲದಾದಾಗ ಸೇದುವವನು ಇನ್ನೂ ಆಳವಾಗಿ, ಇನ್ನೂ ಹೆಚ್ಚು ಸಲ ಎಳೆಯುತ್ತಾನೆ. ಹೊಗೆ ಶ್ವಾಸಕೋಶದ ಅಂಚಿನವರೆಗೂ ಇಳಿಯುತ್ತದೆ. 1950ರ ದಶಕದಿಂದೀಚೆಗೆ ಸಿಗರೇಟಿನ ವಿನ್ಯಾಸದಲ್ಲಾದ ಬದಲಾವಣೆಗಳಿಂದ ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿನ ಅಪಾಯ ಹೆಚ್ಚಿದೆ ಎಂದು ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ ಹೇಳಿತು. ರಂಧ್ರಗಳುಳ್ಳ ಫಿಲ್ಟರಿನ ಪಾತ್ರವನ್ನೂ ಅದು ಗುರುತಿಸಿತು.

ಹೀಗೆ ಫಿಲ್ಟರು ಆರೋಗ್ಯದ ಕವಚವಲ್ಲ, ಭರವಸೆಯ ಮುಸುಕು. ಅದರಿಂದ ದೇಹಕ್ಕೆ ರಕ್ಷಣೆ ಇಲ್ಲ, ನೆಲಕ್ಕೆ ಹಾನಿ ಖಚಿತ. ಒಂದು ವಸ್ತುವನ್ನು ನಿಷೇಧಿಸಲು ಇದಕ್ಕಿಂತ ಸ್ಪಷ್ಟವಾದ ಕಾರಣ ಅಪರೂಪ. ಮುಸುಕು ಸರಿದು ಹೊಗೆ ತನ್ನ ನಿಜವಾದ ಕಟುತ್ವದೊಡನೆ ಎದುರಾದರೆ, ಹೊಸದಾಗಿ ಸೇದಲು ಹೊರಟ ಹುಡುಗ ಮೊದಲ ದಮ್ಮಿಗೇ ಹಿಂಜರಿಯುವ ಸಾಧ್ಯತೆಯೂ ಹೆಚ್ಚು. ಇಲ್ಲಿ ಪರಿಸರದ ಹಿತ ಮತ್ತು ಆರೋಗ್ಯದ ಹಿತ ಒಂದೇ ದಾರಿಯಲ್ಲಿ ಸಾಗುತ್ತವೆ.

ಬೆಲ್ಜಿಯಂ ದೇಶದ ಉನ್ನತ ಆರೋಗ್ಯ ಮಂಡಳಿ 2023ರಲ್ಲಿ ಫಿಲ್ಟರ್ ನಿಷೇಧಕ್ಕೆ ಶಿಫಾರಸು ಮಾಡಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಕೌಂಟಿ 2024ರಲ್ಲಿ ಫಿಲ್ಟರ್ ಸಿಗರೇಟಿನ ಮಾರಾಟವನ್ನು ತಡೆಯುವ ನಿರ್ಣಯ ಕೈಗೊಂಡಿದೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವೂ 2004ರಿಂದ ಬದ್ಧವಾಗಿದೆ. ಅದರ 18ನೆಯ ವಿಧಿ ಪರಿಸರ ರಕ್ಷಣೆಯ ಹೊಣೆಯನ್ನೇ ಹೇಳುತ್ತದೆ.

ಬೇಗ ಕರಗುವ ಫಿಲ್ಟರ್ ಬಂದರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ಎಳೆ ಬೇಗ ಕರಗಬಹುದು. ಅದರಲ್ಲಿ ಸಿಕ್ಕ ವಿಷ ಕರಗಿ ಎಲ್ಲಿಗೆ ಹೋಗಬೇಕು? ಅದು ನೀರಿಗೇ ಸೇರುತ್ತದೆ. ಎಸೆದರೂ ಅಡ್ಡಿಯಿಲ್ಲ ಎಂಬ ಭಾವನೆ ಬೆಳೆದರೆ ಎಸೆಯುವವರೂ ಹೆಚ್ಚುತ್ತಾರೆ.

ನಮ್ಮ ನಾಡಿನ ಲೆಕ್ಕ

ನಮ್ಮ ನಾಡಿನ ಮಟ್ಟಿಗೆ ಈ ನಿಯಮದ ಮಿತಿಯನ್ನೂ ಅರಿಯಬೇಕು. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4ರಷ್ಟು, ಬೀಡಿ ಸೇದುವವರು ಶೇ. 7.7ರಷ್ಟು, ಹೊಗೆರಹಿತ ತಂಬಾಕು ಬಳಸುವವರು ಶೇ. 21.4ರಷ್ಟು. ಬೀಡಿಗೆ ಫಿಲ್ಟರ್ ಇಲ್ಲ. ಆದ್ದರಿಂದ ಫಿಲ್ಟರ್ ನಿಷೇಧವೊಂದೇ ನಮ್ಮ ತಂಬಾಕಿನ ಸಮಸ್ಯೆಯನ್ನು ನೀಗಿಸದು.

ಗುಟ್ಕಾದ ಪ್ರಕರಣ ಇಲ್ಲಿ ಪಾಠವಾಗಬೇಕು. ಪ್ಲಾಸ್ಟಿಕ್ ಚೀಟಿಯಲ್ಲಿ ಗುಟ್ಕಾ ಮಾರುವುದನ್ನು ಸರ್ವೋಚ್ಚ ನ್ಯಾಯಾಲಯ 2010ರ ಡಿಸೆಂಬರಿನ ಆದೇಶದಿಂದ ತಡೆಯಿತು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿಯೂ ಆ ನಿಷೇಧ ಉಳಿದಿದೆ. ಮಾರುಕಟ್ಟೆ ಬೇರೆ ಬಗೆಯ ಚೀಟಿಯನ್ನು ಹುಡುಕಿಕೊಂಡಿತು. 2013ರಲ್ಲಿ ಕರ್ನಾಟಕ ಗುಟ್ಕಾವನ್ನೇ ನಿಷೇಧಿಸಿದಾಗ ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಅಂಗಡಿಗೆ ಬಂದವು. ಕಾನೂನಿನ ಅಕ್ಷರ ಉಳಿಯಿತು, ಆಶಯ ಸೋರಿತು. ಫಿಲ್ಟರಿಗೆ ನಿಯಮ ಮಾಡುವವರು ಇದನ್ನು ಮರೆಯಬಾರದು. ಪ್ಲಾಸ್ಟಿಕ್ ಫಿಲ್ಟರ್ ಎಂದಷ್ಟೇ ಬರೆದರೆ ಮರುದಿನವೇ ಬೇರೊಂದು ವಸ್ತುವಿನ ಫಿಲ್ಟರ್ ಹುಟ್ಟುತ್ತದೆ. ಆದ್ದರಿಂದ ಯಾವುದೇ ವಸ್ತುವಿನ ಫಿಲ್ಟರಾದರೂ ಸಲ್ಲದೆಂದು ನಿಯಮ ಇರಬೇಕು.

ರೈತರ ಮಾತನ್ನೂ ಬಿಡುವಂತಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಭಾಗಗಳಲ್ಲಿ ಸಿಗರೇಟಿಗೆ ಬೇಕಾದ ವರ್ಜೀನಿಯಾ ತಂಬಾಕು ಬೆಳೆಯುತ್ತದೆ. ಹಸಿರೆಲೆಯನ್ನು ಬ್ಯಾರನ್ನಿನಲ್ಲಿ ಹಗಲಿರುಳು ಕಾವು ಕೊಟ್ಟು ಹದಗೊಳಿಸಬೇಕು. ಅದಕ್ಕೆ ಸೌದೆ ಬೇಕು. ಕಾಡಿನಂಚಿನ ಈ ತಾಲ್ಲೂಕುಗಳಲ್ಲಿ ಸೌದೆಯ ಬೇಡಿಕೆ ಎಂದರೆ ಮರಗಳ ಮೇಲಿನ ಒತ್ತಡವೇ. ಆದರೆ ರೈತನು ಈ ಬೆಳೆಗೆ ಅಂಟಿಕೊಂಡಿರುವುದು ಚಟದಿಂದಲ್ಲ. ಮಳೆಯಾಶ್ರಿತ ನೆಲದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಕೊಡುವ ನೆಚ್ಚಿಕೆಯಿಂದ. ಬೇರೆ ಬೆಳೆಗೆ ಅಂತಹುದೇ ಮಾರುಕಟ್ಟೆ ಒದಗಿಸದೆ ರೈತನನ್ನು ದೂಷಿಸುವ ನಿಯಮ ನ್ಯಾಯವಾಗಲಾರದು. ತಯಾರಕರಿಂದ ವಸೂಲಾದ ಹಣದ ಒಂದು ಪಾಲು ಪರ್ಯಾಯ ಬೆಳೆಗೆ ಸಲ್ಲುವುದು ಉಚಿತ.

ನಿಯಮವೂ ಬೇಕು, ನೇಮವೂ ಬೇಕು

ಇಷ್ಟರಿಂದ ಉತ್ತರ ತಿಳಿಯಾಗುತ್ತದೆ. ಬಿದ್ದ ತುಂಡಿನ ಹಿಂದೆ ಓಡುವ ನಿಯಮದಿಂದ ಫಲ ಅಲ್ಪ. ತಯಾರಕರಿಂದ ವೆಚ್ಚ ವಸೂಲು ಮಾಡುವುದು ನ್ಯಾಯ, ಆದರೆ ಅರ್ಧ ಕೆಲಸ. ಫಿಲ್ಟರನ್ನೇ ತೊಡೆದುಹಾಕುವ ನಿಯಮ ನಿಶ್ಚಯವಾಗಿಯೂ ಸಾರ್ಥಕ, ಏಕೆಂದರೆ ಅದು ಕಸವನ್ನೂ ಕಳೆಯುತ್ತದೆ, ಸುಳ್ಳು ಭರವಸೆಯನ್ನೂ ಕಳೆಯುತ್ತದೆ. ರಾಜ್ಯದ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂದು, ತಂಬಾಕು ಮಾರಾಟಕ್ಕೆ ಕನಿಷ್ಠ ವಯಸ್ಸನ್ನು 21ಕ್ಕೂ ಸಾರ್ವಜನಿಕ ಸ್ಥಳದಲ್ಲಿ ಸೇದುವುದರ ದಂಡವನ್ನು 1,000 ರೂಪಾಯಿಗೂ ಏರಿಸಿದೆ. ಇನ್ನು ಫಿಲ್ಟರನ್ನು ಏಕಬಳಕೆ ಪ್ಲಾಸ್ಟಿಕ್ಕಿನ ಪಟ್ಟಿಗೆ ಸೇರಿಸುವುದು ಮುಂದಿನ ಮೊದಲ ಹೆಜ್ಜೆಯಾಗಬೇಕು.

ಕಾನೂನು ಹೊರಗಿನಿಂದ ತಡೆಯಬಲ್ಲದು, ಒಳಗಿನಿಂದ ಬಿಡಿಸಲಾರದು. ಆ ಕೆಲಸಕ್ಕೆ ನಮ್ಮ ಪರಂಪರೆಯಲ್ಲಿಯೇ ಮಾದರಿ ಇದೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ದವಸಧಾನ್ಯಗಳ ಬದಲು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಜೋಳಿಗೆಗೆ ಬಿದ್ದ ಸಿಗರೇಟು ಮತ್ತೆ ಬೀದಿಗೂ ಬೀಳುವುದಿಲ್ಲ, ಕೆರೆಗೂ ಸೇರುವುದಿಲ್ಲ.

ಭಕ್ತರು ಮಾಡಬಹುದಾದುದು ಇದೆ. ಜಾತ್ರೆ, ಉತ್ಸವ, ದಾಸೋಹದ ಆವರಣಗಳನ್ನು ಸಂಪೂರ್ಣ ತಂಬಾಕುಮುಕ್ತವಾಗಿ ಇರಿಸುವುದು. ಊರಿನ ಶಾಲೆಯ ಸುತ್ತ ನಿಯಮ ಮೀರಿ ಮಾರುವುದು ಕಂಡರೆ ಗ್ರಾಮ ಪಂಚಾಯಿತಿಯ ಗಮನಕ್ಕೆ ತರುವುದು. ಫಿಲ್ಟರ್ ಇದ್ದರೆ ಅಪಾಯ ಕಡಿಮೆ ಎಂದು ನಂಬಿದ ಮನೆಯ ಹಿರಿಯರಿಗೆ, ಕಿರಿಯರಿಗೆ ನಿಜಸ್ಥಿತಿಯನ್ನು ಗೌರವದಿಂದ ತಿಳಿಸುವುದು. ಸೇದುವವರನ್ನು ಹೀಯಾಳಿಸುವುದರಿಂದ ಯಾರೂ ಬಿಟ್ಟಿಲ್ಲ. ಜೊತೆಗೆ ನಿಂತವರಿಂದ ಬಿಟ್ಟವರು ಅನೇಕರು.