ಸೊಳ್ಳೆಯ ತೌರುಮನೆ

ಮಳೆಗಾಲವು ಕಾಲಿಟ್ಟೊಡನೆ ಬೆಂಗಳೂರಿನಂತಹ ಜನನಿಬಿಡವಾದ ನಗರದಲ್ಲಿ ಜ್ವರದ ಮಾತು ಮನೆಮನೆಯಲ್ಲಿಯೂ ಕೇಳಬರುವುದು. ಅದರೊಡನೆಯೇ ಬೀದಿಯ ಮೋರಿಯ ನಿಂದೆಯೂ ಮೊದಲಾಗುವುದು. ಮೋರಿಯು ಶುಚಿಯಾಗಿರಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ಡೆಂಗೀ ಜ್ವರವನ್ನು ತರುವ ಸೊಳ್ಳೆಯು ಪ್ರಾಯಶಃ ಮೋರಿಯ ಕೊಚ್ಚೆಯಲ್ಲಿ ಹುಟ್ಟತಕ್ಕದ್ದಲ್ಲ. ನಮ್ಮ ಬಚ್ಚಲಿನ ತೊಟ್ಟಿಯ ತಿಳಿನೀರೇ ಅದರ ತೌರುಮನೆ. ಈ ಸಂಗತಿಯನ್ನು ಗೃಹಸ್ಥರು ಮನಸ್ಸಿಗೆ ತಂದುಕೊಂಡಲ್ಲಿ ಮುಂದಿನ ಕಾರ್ಯವು ಸುಲಭ.

ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಮಶಕಗಳು ಐದು ವಿಧವೆಂದು ಹೇಳಿದೆ. ಇಂದಿನ ವಿಜ್ಞಾನವು ಅರಿತಿರುವ ಜಾತಿಗಳಾದರೋ 3,000ಕ್ಕೂ ಮಿಗಿಲು. ನಗರವಾಸಿಗಳು ಮೂರು ಪಂಗಡಗಳನ್ನು ಬಲ್ಲರೆ ಸಾಕು. ಕ್ಯೂಲೆಕ್ಸ್ ಎಂಬುದರಲ್ಲಿ ನಗರಕ್ಕೆ ಪರಿಚಿತವಾದುದು ಕೊಳಕುನೀರಿನಲ್ಲಿ ಹುಟ್ಟಿ ರಾತ್ರಿಯಲ್ಲಿ ಕಚ್ಚುವುದು. ಆನೆಕಾಲು ರೋಗವನ್ನು ಹರಡುವುದು ಅದೇ. ಮಲೇರಿಯಾಕ್ಕೆ ಕಾರಣವಾದುದು ಅನಾಫಿಲಿಸ್. ಅದರಲ್ಲಿ ನಗರವನ್ನು ಆಶ್ರಯಿಸಿದ ಜಾತಿಯು ಬಾವಿಗಳಲ್ಲಿಯೂ ತಾರಸಿಯ ತೊಟ್ಟಿಗಳಲ್ಲಿಯೂ ಬೆಳೆಯುವುದು. ಮೂರನೆಯದು ಈಡಿಸ್. ಕಪ್ಪು ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ಇದು ಹಗಲಿನಲ್ಲಿ, ವಿಶೇಷವಾಗಿ ಬೆಳಗ್ಗೆಯೂ ಸಂಜೆಗೆ ಮುಂಚೆಯೂ ಕಚ್ಚತಕ್ಕದ್ದು. ಡೆಂಗೀ ಜ್ವರವನ್ನೂ, 2006ರಲ್ಲಿ ಕನ್ನಡ ನಾಡಿನ ಎಷ್ಟೋ ಮಂದಿಯ ಕೀಲುಗಳನ್ನು ಹಿಡಿದ ಚಿಕುನ್‌ಗುನ್ಯವನ್ನೂ ಹರಡುವುದು ಇದೇ.

ಸೊಳ್ಳೆಯೊಳಗೆ ಮಲೇರಿಯಾದ ಜೀವಾಣುವನ್ನು ರೊನಾಲ್ಡ್ ರಾಸ್ ಮಹಾಶಯನು ಸಿಕಂದರಾಬಾದಿನಲ್ಲಿ 1897ನೆಯ ಇಸವಿ ಆಗಸ್ಟ್ 20ರಂದು ಕಂಡನೆಂಬುದು ಪ್ರಸಿದ್ಧವಾಗಿದೆ. ಅದಕ್ಕೆ ಹದಿನಾಲ್ಕು ವರ್ಷಗಳ ಹಿಂದೆ, 1883ರಲ್ಲಿ, ಆತನು ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದನು. ತನ್ನ ಬಂಗಲೆಯಲ್ಲಿ ಸೊಳ್ಳೆಗಳು ವಿಪರೀತವಾಗಿರಲು ಕಾರಣವೇನೆಂದು ಹುಡುಕಿ, ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಹುಳುಗಳನ್ನು ಕಂಡು, ಅದನ್ನು ಬೋರಲು ಹಾಕಿಸಿದನು, ಸೊಳ್ಳೆಗಳು ಕಡಮೆಯಾದುವು. ಇಂದು ನಾವು ಹೇಳತಕ್ಕ ಉಪಾಯವೂ ಅದೇ.

ಈಡಿಸ್ ಹೆಣ್ಣು ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಮೈಗೆ ಅಂಟಿಸುವುದು. ನೀರು ಬತ್ತಿದರೂ ಅವು ತಿಂಗಳುಗಟ್ಟಲೆ ಜೀವವನ್ನು ಹಿಡಿದಿರಬಲ್ಲುವು. ಮತ್ತೆ ನೀರು ಮುಟ್ಟಿದೊಡನೆ ಒಡೆದು ಮರಿಗಳಾಗುವುವು. ಬೆಚ್ಚನೆಯ ಹವೆಯಲ್ಲಿ ಏಳರಿಂದ ಹತ್ತು ದಿನಗಳೊಳಗೆ ಮರಿಯು ರೆಕ್ಕೆ ಪಡೆದು ಹಾರುವುದು. ಇದರಿಂದ ಎರಡು ನಿಯಮಗಳು ತಾವಾಗಿಯೇ ಸಿದ್ಧಿಸುವುವು: ವಾರಕ್ಕೊಮ್ಮೆ ನೀರನ್ನು ಬರಿದುಮಾಡಬೇಕು, ಬರಿದುಮಾಡಿದರೆ ಸಾಲದು, ಒಳಮೈಯನ್ನು ಚೆನ್ನಾಗಿ ತಿಕ್ಕಿ ತೊಳೆಯಬೇಕು.

ನೀರನ್ನು ಕೂಡಿಡಬೇಡಿರೆಂದು ನಾವು ಹೇಳಲಾರೆವು. 2024ರ ಬೇಸಗೆಯಲ್ಲಿ ಬೆಂಗಳೂರಿನ ಅನೇಕ ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರಿನ ನೀರಿಗಾಗಿ ಕಾದುನಿಂತುದನ್ನು ಯಾರು ಮರೆತಾರು? ನಲ್ಲಿಯಲ್ಲಿ ದಿನವೂ ನೀರು ಬಾರದ ಮನೆಯ ತಾಯಿಯು ಡ್ರಮ್ಮು, ಬಕೆಟ್ಟು, ಬಿಂದಿಗೆಗಳನ್ನು ತುಂಬಿಡುವುದು ವಿವೇಕವೇ ಸರಿ. ಆ ವಿವೇಕಕ್ಕೆ ಬಿಗಿಯಾದ ಮುಚ್ಚಳವೊಂದು, ಇಲ್ಲವೇ ದಾರದಿಂದ ಬಿಗಿದು ಕಟ್ಟಿದ ಬಟ್ಟೆಯೊಂದು ಕೂಡಬೇಕು. ಹೂಕುಂಡದ ಕೆಳಗಣ ತಟ್ಟೆ, ಫ್ರಿಜ್ಜಿನ ಹಿಂದಣ ತಟ್ಟೆ, ತಾರಸಿಯ ಮೇಲೆಸೆದ ಹಳೆಯ ಟೈರು, ಅಂಗಳದ ಎಳನೀರಿನ ಬುರುಡೆ, ಇವುಗಳಲ್ಲಿ ನಿಂತ ಅಂಗೈಯಗಲದ ನೀರೂ ಅದಕ್ಕೆ ಸಾಕಾಗುವುದು.

ನಮ್ಮ ಹಿರಿಯರು ದೀಪಾವಳಿಯ ತ್ರಯೋದಶಿಯಂದು ನೀರು ತುಂಬುವ ಹಬ್ಬವನ್ನು ಆಚರಿಸುತ್ತಿದ್ದರು. ಇಂದಿಗೂ ಹಲವು ಮನೆಗಳಲ್ಲಿ ಅದು ನಡೆದುಬಂದಿದೆ. ಬಚ್ಚಲಿನ ಹಂಡೆಯನ್ನು ಹುಣಿಸೆಹಣ್ಣು ಬೂದಿಗಳಿಂದ ಉಜ್ಜಿ ಬೆಳಗಿ ಹೊಸನೀರನ್ನು ತುಂಬುವರು. ಈ ಹಬ್ಬವು ವಾರಕ್ಕೊಮ್ಮೆ ಬರಲಿ ಎಂಬುದೇ ನಮ್ಮ ಬಿನ್ನಹ. ಭಾನುವಾರವನ್ನೇ ಗೊತ್ತುಮಾಡಿಕೊಳ್ಳಬಹುದು. ಬಹುಕಾಲ ಪಾಠಶಾಲೆಯಲ್ಲಿ ಕಳೆದ ನಾವು ಬಲ್ಲೆವು, ಇಂತಹ ಕೆಲಸಕ್ಕೆ ಮಕ್ಕಳೇ ತಕ್ಕವರು. ಕೈಗೆ ಟಾರ್ಚನ್ನು ಕೊಟ್ಟು ಡ್ರಮ್ಮಿನೊಳಗೆ ನೋಡಹೇಳಿರಿ. ಕೊಂಕುತ್ತ ಕೆಳಕ್ಕಿಳಿಯುವ ಮರಿಹುಳುವನ್ನು ಒಮ್ಮೆ ಕಂಡ ಮಗುವು ಮರುವಾರ ತಾನೇ ನಿಮ್ಮನ್ನು ಎಚ್ಚರಿಸುವುದು.

ಆದರೆ ಒಂದೇ ಮನೆಯ ಶ್ರಮದಿಂದ ಫಲವು ಪೂರ್ಣವಾಗದು. ಈಡಿಸ್ ಸಾಧಾರಣವಾಗಿ ತಾನು ಹುಟ್ಟಿದೆಡೆಯಿಂದ ಕೆಲವು ನೂರು ಮೀಟರುಗಳಾಚೆಗೆ ಹೋಗದು. ನಮ್ಮ ಮಗುವನ್ನು ಕಚ್ಚಿದ ಸೊಳ್ಳೆಯು ನಮ್ಮ ಮನೆಯದು, ಇಲ್ಲವೇ ನೆರೆಯವರದು. ವಠಾರದಲ್ಲಿ ಹತ್ತು ಸಂಸಾರಗಳಿಗೆ ಸೇರಿದ ತೊಟ್ಟಿಯು ತೊಳೆಯುವ ದಿನದಲ್ಲಿ ಯಾರಿಗೂ ಸೇರದಂತಾಗುವುದು; ಅದಕ್ಕೆ ಸರದಿಯನ್ನು ಗೊತ್ತುಮಾಡತಕ್ಕದ್ದು. ಮನೆ ಕಟ್ಟಿಸುವವರು ಗಾರೆ ಹದವಾಗಲೆಂದು ನಿಲ್ಲಿಸಿದ ನೀರನ್ನು ವಾರದೊಳಗೆ ಗುಡಿಸಿ ತೆಗೆಸಬೇಕು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆಗೆ ಎಡೆಗೊಟ್ಟವರಿಗೆ ದಂಡವನ್ನೂ ವಿಧಿಸಿತು. ದಂಡದ ಭಯಕ್ಕಿಂತ ನೆರೆಯ ಮಗುವಿನ ಮೇಲಣ ಕರುಣೆಯು ಲೇಸಾದ ಪ್ರೇರಣೆಯಲ್ಲವೆ?

ಬೀದಿಯಲ್ಲಿ ಹೊಗೆಯಂತ್ರವು ಬಂದುಹೋದರೆ ಕೆಲಸವಾಯಿತೆಂದು ನಂಬತಕ್ಕದ್ದಲ್ಲ. ಹೊಗೆಯು ಹಾರುವ ಸೊಳ್ಳೆಯನ್ನು ಕೊಲ್ಲಬಹುದೇ ಹೊರತು ತೊಟ್ಟಿಯೊಳಗಣ ಮೊಟ್ಟೆ ಮರಿಗಳನ್ನು ಮುಟ್ಟದು. ಮನೆಯಲ್ಲಿ ಯಾರಿಗಾದರೂ ಜ್ವರವು ಬಂದಲ್ಲಿ ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು. ರೋಗಿಯನ್ನು ಕಚ್ಚಿದ ಸೊಳ್ಳೆಯೇ ಕೆಲವು ದಿನಗಳ ತರುವಾಯ ಇತರರಿಗೆ ವಿಷವನ್ನುಣಿಸುವುದು. ಮಕ್ಕಳಿಗೆ ಕೈಕಾಲು ಮುಚ್ಚುವ ಬಟ್ಟೆಯು ಹಿತ.

ಜ್ವರ ಬಂದಾಗ ವೈದ್ಯರನ್ನು ಕಾಣದೆ ಮಾತ್ರೆಗಳನ್ನು ನುಂಗಬಾರದು. ಆಸ್ಪಿರಿನ್, ಐಬುಪ್ರೊಫೆನ್ ಮುಂತಾದುವು ಡೆಂಗೀಯಲ್ಲಿ ರಕ್ತಸ್ರಾವಕ್ಕೆ ಎಡೆಗೊಡುವುವು. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್, ಯಥೇಚ್ಛವಾಗಿ ನೀರು, ಗಂಜಿ, ಎಳನೀರು, ವಿಶ್ರಾಂತಿ, ಇವು ಸಾಮಾನ್ಯ ಕ್ರಮ. ಮುಖ್ಯವಾದ ಎಚ್ಚರವೊಂದುಂಟು. ಜ್ವರವು ಇಳಿಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಸಮಯವೇ, ಅಂದರೆ ಮೂರರಿಂದ ಏಳನೆಯ ದಿನದವರೆಗಿನ ಕಾಲವೇ, ಅಪಾಯದ ಕಾಲ. ಆಗ ತೀವ್ರವಾದ ಹೊಟ್ಟೆನೋವು, ಪದೇ ಪದೇ ವಾಂತಿ, ವಸಡಿನಲ್ಲಿಯೋ ಮೂಗಿನಲ್ಲಿಯೋ ರಕ್ತ, ಅತಿಯಾದ ಬಳಲಿಕೆ, ಇವುಗಳಲ್ಲಿ ಒಂದು ಕಂಡರೂ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಡೆಂಗೀಯ ವಿಷಾಣುಗಳು ನಾಲ್ಕು ಬಗೆ. ಒಮ್ಮೆ ಬಂದವರಿಗೆ ಇನ್ನೊಂದು ಬಗೆಯದು ಬಂದು ಮೊದಲಿಗಿಂತ ಉಗ್ರವಾಗುವ ಸಂಭವವುಂಟು. ಆದುದರಿಂದ ನಮಗೆ ಬಂದುಹೋಯಿತೆಂಬ ಧೈರ್ಯವು ಸಲ್ಲದು.

ಈ ಲೇಖನವನ್ನು ಓದಿ ಮುಗಿಸಿದ ವಾಚಕರು ಪತ್ರಿಕೆಯನ್ನು ಮಡಿಸಿಟ್ಟು, ಒಮ್ಮೆ ಬಚ್ಚಲಿನ ಕಡೆಗೂ ತಾರಸಿಯ ಕಡೆಗೂ ಹೋಗಿ ನೋಡಿಬರಲೆಂದು ಪ್ರಾರ್ಥಿಸುವೆವು.